‘ಗಾಥಿಕ್’ ಪದದ ಅರ್ಥವ್ಯಾಪ್ತಿ: ಹೊರನಾಡಿನ ಕನ್ನಡ ಸಂಶೋಧಕರಿಗೆ ಕೆಲವು ವಿಚಾರಗಳು

ದೆಹಲಿಯ ಪಶ್ಚಿಮ ಭಾಗದ ಜನಕಪುರಿ 1970ರ ದಶಕದಲ್ಲಿ ಬೆಳೆದುಬಂದ ಬಡಾವಣೆ. ಹೆಸರಿನಲ್ಲಿ ಜನಕರಾಜನಿದ್ದರೂ ಮಿಥಿಲೆಗೂ ಈ ಸ್ಥಳಕ್ಕೂ ಸಂಬಂಧವಿಲ್ಲ. ಜನಕನ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಈ ಹೆಸರು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಮೂಲದ ಒಡೆಯನನ್ನು ಬಿಟ್ಟು ದೂರ ಬಂದ ಹೆಸರುಗಳೆಲ್ಲ ಹೀಗೆ ನಿರಪಾಯವಾಗಿರುವುದಿಲ್ಲ. ‘ಗಾಥಿಕ್’ ಅಂತಹ ಒಂದು ಹೆಸರು. ಅದನ್ನು ಮೊದಲು ಪಡೆದ ಜನರು ಆ ಹೆಸರಿನ ಕಟ್ಟಡಗಳನ್ನು ಕಟ್ಟಲಿಲ್ಲ, ಆ ಹೆಸರಿನ ಅಚ್ಚಕ್ಷರಗಳನ್ನು ಬರೆಯಲಿಲ್ಲ, ಆ ಹೆಸರಿನ ಕಥೆಗಳನ್ನು ಹೇಳಲಿಲ್ಲ.

ಈ ಪದದ ಬಗ್ಗೆ ಕನ್ನಡದ ಸಂಶೋಧಕರು ಯೋಚಿಸಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಏಳಬಹುದು. ಕರ್ನಾಟಕದ ಹೊರಗಿದ್ದು ಕನ್ನಡದ ಕೆಲಸ ಮಾಡುವವರು ತಮ್ಮ ಸಾಮಗ್ರಿಯ ಬಹುಭಾಗವನ್ನು ಇಂಗ್ಲಿಷ್ ಗ್ರಂಥಗಳ ಮೂಲಕವೇ ಪಡೆಯುತ್ತಾರೆ. ಹಳೇಬೀಡಿನ ದೇವಾಲಯದ ವರ್ಣನೆಯಲ್ಲಿ, ತೌಲನಿಕ ಭಾಷಾಶಾಸ್ತ್ರದ ಇತಿಹಾಸದಲ್ಲಿ, ಬಾಸೆಲ್ ಮಿಷನ್ನಿನ ಕಾಗದಪತ್ರಗಳ ವಿವರಣೆಯಲ್ಲಿ, ಬೆಂಗಳೂರು ಮೈಸೂರುಗಳ ಚರ್ಚುಗಳ ಪರಿಚಯದಲ್ಲಿ, ಕಾದಂಬರಿ ವಿಮರ್ಶೆಯಲ್ಲಿ ಅವರಿಗೆ ಈ ಪದ ಎದುರಾಗುತ್ತದೆ. ಪ್ರತಿ ಸಂದರ್ಭದಲ್ಲೂ ಅದರ ಅರ್ಥ ಬೇರೆ. ಒಂದರ ಅರ್ಥವನ್ನು ಇನ್ನೊಂದಕ್ಕೆ ಹಚ್ಚಿದರೆ ಕಾಲನಿರ್ಣಯದಲ್ಲಿ, ಪ್ರಭಾವದ ಚರ್ಚೆಯಲ್ಲಿ, ಮೌಲ್ಯನಿರ್ಣಯದಲ್ಲಿ ತಪ್ಪುಗಳಾಗುತ್ತವೆ. ಆ ಅರ್ಥಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

1. ಜನ ಮತ್ತು ಭಾಷೆ

ಗಾಥರು ಪೂರ್ವ ಜರ್ಮ್ಯಾನಿಕ್ ಬುಡಕಟ್ಟಿನ ಜನ. ಹೂಣರ ಒತ್ತಡಕ್ಕೆ ಸಿಕ್ಕಿ ಅವರಲ್ಲೊಂದು ಗುಂಪು ಕ್ರಿ.ಶ. 376ರಲ್ಲಿ ಡ್ಯಾನ್ಯೂಬ್ ನದಿಯನ್ನು ದಾಟಿ ರೋಮನ್ ಸಾಮ್ರಾಜ್ಯವನ್ನು ಪ್ರವೇಶಿಸಿತು. 410ರಲ್ಲಿ ಅಲಾರಿಕನ ಪಡೆ ರೋಮ್ ನಗರವನ್ನು ಕೊಳ್ಳೆ ಹೊಡೆಯಿತು. ಮುಂದೆ ಗಾಥರು ಇಟಲಿಯಲ್ಲೂ ಸ್ಪೇನಿನಲ್ಲೂ ರಾಜ್ಯಗಳನ್ನು ಕಟ್ಟಿ ಆಳಿದರು. ಸ್ಪೇನಿನ ರಾಜ್ಯ 711ರ ಅರಬ್ ಆಕ್ರಮಣದೊಡನೆ ಕುಸಿಯಿತು. ಚರಿತ್ರೆಯಲ್ಲಿ ಈ ಜನರಿಗೆ ಅಂಟಿದ ಕೀರ್ತಿ ರೋಮನ್ನು ಕೆಡಿಸಿದವರು ಎಂಬುದು. ಪದದ ಮುಂದಿನ ಪಯಣಕ್ಕೆ ಈ ಅಪಕೀರ್ತಿಯೇ ಬಂಡವಾಳವಾಯಿತು.

ಅವರ ಭಾಷೆಯ ಕಥೆ ಬೇರೆ. 4ನೆಯ ಶತಮಾನದಲ್ಲಿ ವುಲ್ಫಿಲನೆಂಬ ಬಿಷಪ್ ಬೈಬಲ್ಲನ್ನು ಗಾಥಿಕ್ ಭಾಷೆಗೆ ಅನುವಾದಿಸಿದನು. ಅದಕ್ಕಾಗಿ ಮುಖ್ಯವಾಗಿ ಗ್ರೀಕ್ ಅಕ್ಷರಗಳನ್ನು ಆಧರಿಸಿ ಒಂದು ಲಿಪಿಯನ್ನು ರಚಿಸಿದನು. ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿ ಬಂಗಾರದ ಮಸಿಯಲ್ಲಿ ಬರೆದ 6ನೆಯ ಶತಮಾನದ ಪ್ರತಿಯೊಂದರ ಬಹುಭಾಗ ಇಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿದೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ಇಷ್ಟು ಹಿಂದಿನ, ಇಷ್ಟು ವಿಸ್ತಾರವಾದ ಪಠ್ಯ ಬೇರೆ ಇಲ್ಲದ್ದರಿಂದ ಭಾಷಾಶಾಸ್ತ್ರಜ್ಞರಿಗೆ ಗಾಥಿಕ್ ಅನಿವಾರ್ಯವಾಯಿತು.

ಭಾರತಕ್ಕೆ ಈ ಪದ ಮಹತ್ವದ ರೀತಿಯಲ್ಲಿ ಬಂದದ್ದು ಈ ದಾರಿಯಿಂದ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಜೊತೆಗೆ ಗಾಥಿಕ್ಕಿಗೂ ಅದೇ ಮೂಲವಿರಬಹುದೆಂಬ ಮಾತು ಇದೆ. ಫ್ರಾಂಟ್ಸ್ ಬಾಪ್‌ನ ತೌಲನಿಕ ವ್ಯಾಕರಣದ ಶೀರ್ಷಿಕೆಯಲ್ಲಿಯೇ ಸಂಸ್ಕೃತವೂ ಗಾಥಿಕ್ಕೂ ಒಟ್ಟಿಗೆ ನಿಂತಿವೆ. ಸಂಸ್ಕೃತದ ‘ಭ್ರಾತೃ’ವಿಗೆ ಗಾಥಿಕ್ಕಿನಲ್ಲಿ ‘ಬ್ರೋಥರ್’, ‘ಪಾದ’ಕ್ಕೆ ‘ಫೋತುಸ್’. ಪಕಾರಕ್ಕೆ ಪ್ರತಿಯಾಗಿ ಫಕಾರ ಬರುವ ಈ ನಿಯಮವನ್ನು ಯಾಕೊಬ್ ಗ್ರಿಮ್ 1822ರಲ್ಲಿ ವಿಶದಪಡಿಸಿದನು.

ಕನ್ನಡದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಭಾಷೆಯಲ್ಲೂ ಪಕಾರ ಬದಲಾಗಿದೆ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಇದನ್ನು ಗಾಥಿಕ್ಕಿನ ಬದಲಾವಣೆಯ ಪಕ್ಕದಲ್ಲಿಟ್ಟು ಬಾಂಧವ್ಯ ಕಲ್ಪಿಸುವ ಆಸೆ ಹುಟ್ಟುವುದು ಸಹಜ. ಆದರೆ ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕುಟುಂಬಗಳಲ್ಲಿ ಸ್ವತಂತ್ರವಾಗಿ ನಡೆದ ಧ್ವನಿವ್ಯತ್ಯಾಸಗಳು. ಬಾಂಧವ್ಯಕ್ಕೆ ಬೇಕಾದದ್ದು ಮೂಲಶಬ್ದಗಳಲ್ಲಿ ಕ್ರಮಬದ್ಧವಾದ ಹೊಂದಾಣಿಕೆ. ‘ಅಣ್ಣ’, ‘ಅಡಿ’, ‘ಮೂರು’ ಆ ಸಾಲಿನಲ್ಲಿ ಕೂಡುವುದಿಲ್ಲ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದು ಪ್ರತ್ಯೇಕ ಕುಟುಂಬ ಎಂಬುದನ್ನು ಎಫ್. ಡಬ್ಲ್ಯೂ. ಎಲ್ಲಿಸ್ 1816ರಲ್ಲಿ ನಿರೂಪಿಸಿದನು. ಸಂಸ್ಕೃತ ಮತ್ತು ಜರ್ಮ್ಯಾನಿಕ್ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿದ ಬಾಪ್‌ನ ಮೊದಲ ಗ್ರಂಥ ಹೊರಬಂದದ್ದೂ ಅದೇ ವರ್ಷ. ಗಾಥಿಕ್ ಒಂದು ಕುಟುಂಬದ ಒಳಗಿದೆಯೆಂದು ತಿಳಿದ ಕಾಲದಲ್ಲಿಯೇ ಕನ್ನಡ ಅದರ ಹೊರಗಿದೆಯೆಂಬುದೂ ತಿಳಿದುಬಂತು.

2. ನಿಂದೆಯಾಗಿ ಹುಟ್ಟಿದ ಶೈಲಿನಾಮ

12ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಚರ್ಚುಗಳನ್ನು ಕಟ್ಟುವ ಹೊಸ ಕ್ರಮವೊಂದು ಮೂಡಿತು. ಪ್ಯಾರಿಸ್ಸಿನ ಬಳಿಯ ಸೇಂಟ್ ದನಿ ಮಠದ ಗರ್ಭಭಾಗವನ್ನು ಮಠಾಧಿಪತಿ ಸುಝೆ 1140 ಮತ್ತು 1144ರ ನಡುವೆ ಹೊಸದಾಗಿ ಕಟ್ಟಿಸಿದ್ದನ್ನು ಅದರ ಆರಂಭವೆಂದು ವಿದ್ವಾಂಸರು ಗುರುತಿಸುತ್ತಾರೆ. ಚೂಪು ಕಮಾನು, ಪಕ್ಕೆಲುಬಿನಂತೆ ಕಲ್ಲಿನ ಪಟ್ಟಿಗಳು ಹಾಯ್ದಿರುವ ಚಾವಣಿ, ಗೋಡೆಯ ಹೊರಗೆ ನಿಂತು ಭಾರವನ್ನು ಹೊರುವ ಆಸರೆಗಮಾನು, ಇವು ಮೂರೂ ಕೂಡಿದಾಗ ಗೋಡೆ ಭಾರ ಹೊರುವ ಕೆಲಸದಿಂದ ಬಹುಮಟ್ಟಿಗೆ ಬಿಡುಗಡೆ ಪಡೆಯಿತು. ಗೋಡೆಯ ಜಾಗದಲ್ಲಿ ಬಣ್ಣದ ಗಾಜಿನ ಕಿಟಕಿಗಳು ಬಂದವು. ಈ ಶೈಲಿಯ ಜೀವಾಳವಿರುವುದು ಈ ಹೊರೆ ಹಂಚುವ ವ್ಯವಸ್ಥೆಯಲ್ಲಿ.

ಆ ಕಾಲದ ಕಟ್ಟುಗರು ಇದನ್ನು ‘ಗಾಥಿಕ್’ ಎಂದು ಕರೆಯಲಿಲ್ಲ. 13ನೆಯ ಶತಮಾನದ ಜರ್ಮನ್ ದಾಖಲೆಯೊಂದು ಇದನ್ನು ‘ಫ್ರೆಂಚ್ ಕೆಲಸ’ವೆಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಕರೆಯುತ್ತದೆ. ಇಟಲಿಯ ಜಾರ್ಜಿಯೊ ವಸಾರಿ 1550ರಲ್ಲಿ ಪ್ರಕಟಿಸಿದ ಕಲಾವಿದರ ಚರಿತ್ರೆಯಲ್ಲಿ, ರೋಮನ್ ಕಟ್ಟಡಗಳನ್ನು ಹಾಳುಗೆಡವಿದ ಗಾಥರೇ ಈ ವಿಕಾರ ಶೈಲಿಗೆ ಕಾರಣರೆಂದು ದೂರಿದನು. ಗಾಥರ ರಾಜ್ಯಗಳು ಅಳಿದು ನಾಲ್ಕು ಶತಮಾನಗಳು ಕಳೆದ ಮೇಲೆ ಹುಟ್ಟಿದ ಶೈಲಿಗೆ ಅವರ ಹೆಸರು ಅಂಟಿತು. ಇಂಗ್ಲೆಂಡಿನ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್, ಈ ಶೈಲಿಯ ಮೂಲ ಅರಬರಲ್ಲಿದೆ, ಆದ್ದರಿಂದ ಅದನ್ನು ಸಾರಸೆನಿಕ್ ಎಂದು ಕರೆಯುವುದೇ ಸರಿ ಎಂದು ವಾದಿಸಿದನು. ಆ ವಾದ ನಿಲ್ಲಲಿಲ್ಲ, ಬೈಗುಳದ ಹೆಸರೇ ನಿಂತಿತು.

18 ಮತ್ತು 19ನೆಯ ಶತಮಾನಗಳಲ್ಲಿ ಬೈಗುಳ ಹೊಗಳಿಕೆಯಾಯಿತು. ಜಾನ್ ರಸ್ಕಿನ್ ‘ವೆನಿಸ್ಸಿನ ಕಲ್ಲುಗಳು’ ಗ್ರಂಥದ 1853ರ ಸಂಪುಟದಲ್ಲಿ ಗಾಥಿಕ್ಕಿನ ಸ್ವಭಾವವನ್ನು ಕುರಿತು ಬರೆದ ಅಧ್ಯಾಯದಲ್ಲಿ, ಅದರ ಒರಟುತನದಲ್ಲಿ ಕೆಲಸಗಾರನ ಸ್ವಾತಂತ್ರ್ಯವನ್ನು ಕಂಡನು. ಇಂಗ್ಲೆಂಡಿನ ಸಂಸತ್ ಭವನ, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಮೊದಲಾದವು ಈ ಪುನರುಜ್ಜೀವನದ ಫಲ. ಇವನ್ನು ‘ನವಗಾಥಿಕ್’ ಎನ್ನುವುದು ಉಚಿತ. ಮಧ್ಯಯುಗದ ಗಾಥಿಕ್ ಕಟ್ಟಡ ಭಾರತದಲ್ಲಿ ಇಲ್ಲ, ಇಲ್ಲಿರುವುದೆಲ್ಲ ನವಗಾಥಿಕ್.

3. ಚೂಪು ಕಮಾನಿನ ತೊಡಕು

19ನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಚೂಪು ಕಮಾನನ್ನೇ ‘ಗಾಥಿಕ್ ಕಮಾನು’ ಎನ್ನುವ ರೂಢಿಯಿತ್ತು. ಇದರಿಂದಾಗುವ ತೊಡಕನ್ನು ಜನಕಪುರಿಯಲ್ಲಿರುವ ಸಂಶೋಧಕರು ದೆಹಲಿಯಲ್ಲಿಯೇ ಕಣ್ಣಾರೆ ಪರೀಕ್ಷಿಸಬಹುದು. ಮೆಹ್ರೌಲಿಯ ಕುತುಬ್ ಆವರಣದ ಮಸೀದಿಯ ಮುಂಭಾಗದ ಕಮಾನುಸಾಲು 1190ರ ದಶಕದ ಕೊನೆಗೆ ಎದ್ದದ್ದು. ಫ್ರಾನ್ಸಿನ ಶಾರ್ತ್ರ್ ಕಥೀಡ್ರಲ್ಲಿನ ಪುನರ್ನಿರ್ಮಾಣ 1194ರ ಬೆಂಕಿಯ ನಂತರ ತೊಡಗಿತು. ಎರಡು ಕಡೆಯೂ ಒಂದೇ ದಶಕದಲ್ಲಿ ಚೂಪು ಕಮಾನುಗಳೆದ್ದವು. ಆದರೆ ಕುತುಬಿನ ಕಮಾನುಗಳಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಮುಂಚಾಚಿ ಪೇರಿಸಲಾಗಿದೆ. ನಮ್ಮ ದೇವಾಲಯಗಳನ್ನು ಕಟ್ಟಿದವರ ವಿಧಾನ ಅದು. ಆಕಾರ ಒಂದೇ, ಭಾರ ಹೊರುವ ಬಗೆ ಬೇರೆ. ಅದೇ ದೆಹಲಿಯ ಉತ್ತರದ ರಿಡ್ಜ್ ಮೇಲೆ, 1857ರ ಕದನದಲ್ಲಿ ಬ್ರಿಟಿಷರ ಪಕ್ಷದಲ್ಲಿ ಮಡಿದವರಿಗಾಗಿ 1863ರಲ್ಲಿ ನಿಲ್ಲಿಸಿದ ಕೆಂಪುಕಲ್ಲಿನ ಸ್ಮಾರಕವಿದೆ. 1972ರಲ್ಲಿ ಅದಕ್ಕೆ ಅಜಿತ್‌ಗಢವೆಂದು ಹೆಸರಿಡಲಾಯಿತು. ಅದರ ಚೂಪು ಕಮಾನುಗಳೂ ಮೊನಚು ಶಿಖರವೂ ನಿಜವಾಗಿ ನವಗಾಥಿಕ್.

ಕರ್ನಾಟಕದಲ್ಲೂ ಇಂತಹ ಜೋಡಿಯುಂಟು. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದಿಸಿರುವ ಈ ಮಸೀದಿಯ ಅಂಚಿನ ಸಾಲುಗಳಲ್ಲಿ ಅಗಲವಾದ, ತಗ್ಗಾದ ಚೂಪು ಕಮಾನುಗಳಿವೆ. ಶಾಸನದಲ್ಲಿ ಬರುವ ಹೆಸರು ರಫೀ. ಅವನ ಊರು ಇರಾನಿನ ಖಜ್ವೀನ್. ಈ ಕಮಾನುಗಳ ಮೂಲವನ್ನು ಹುಡುಕುವವರು ಇರಾನಿನ ಕಡೆಗೆ ತಿರುಗಬೇಕು. ‘ಗಾಥಿಕ್’ ಎಂಬ ವಿಶೇಷಣ ಅವರನ್ನು ಯುರೋಪಿನ ಕಡೆಗೆ ಎಳೆದರೆ ಬಹಮನಿ ಕಾಲದ ದಖನಿನ ಸಂಪರ್ಕಗಳ ಚಿತ್ರವೇ ತಿರುಗುಮುರುಗಾಗುತ್ತದೆ.

ಈ ಮಸೀದಿಯ ಎದುರಿಗೆ ಇಡಬೇಕಾದದ್ದು ಮೈಸೂರಿನ ಸಂತ ಫಿಲೋಮಿನಾ ಚರ್ಚು. ಅದಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಸುಮಾರು 175 ಅಡಿ ಎತ್ತರದ ಅದರ ಜೋಡಿ ಗೋಪುರಗಳನ್ನು ಜರ್ಮನಿಯ ಕಲೋನ್ ಕಥೀಡ್ರಲ್ಲಿಗೆ ಹೋಲಿಸುವುದು ವಾಡಿಕೆ. ಕಲೋನಿನ ಕಟ್ಟಡಕ್ಕೆ 1248ರಲ್ಲಿ ಕೈಹಾಕಿದರೂ ಅದು ಮುಗಿದದ್ದು 1880ರಲ್ಲಿ. ಅಲ್ಲಿನ ಜೋಡಿ ಗೋಪುರಗಳು ಮೇಲೇರಿದ್ದು 19ನೆಯ ಶತಮಾನದ ಕೈಗಳಿಂದ. ಆದ್ದರಿಂದ ಮೈಸೂರು ನೋಡಿದ ಮಾದರಿಯೂ ಬಹುಪಾಲು ಪುನರುಜ್ಜೀವನದ್ದೇ. 1875 ಮತ್ತು 1882ರ ನಡುವೆ ಕಟ್ಟಿದ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ ಇದೇ ಪರಂಪರೆಗೆ ಸೇರಿದ್ದು. ಇಲ್ಲಿ ‘ಗಾಥಿಕ್’ ಎಂಬುದು ಕಟ್ಟಿಸಿದವರು ತಾವಾಗಿ ಆರಿಸಿಕೊಂಡ ಹೆಸರು. ಕಲಬುರಗಿಯಲ್ಲಿ ಅದು ನೋಡುಗರು ಹೊರಗಿನಿಂದ ಹಚ್ಚಿದ್ದು.

4. ಹಳೇಬೀಡು ಮತ್ತು ಗಾಥಿಕ್ ಅಳತೆಗೋಲು

ಕನ್ನಡ ಸಂಶೋಧನೆಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಸಂದರ್ಭ ಇದು. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ಮತ್ತು ಪೌರ್ವಾತ್ಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾನೆ. ಅಡ್ಡಗೆರೆ ನಿಲುಗೆರೆಗಳ ಹೊಂದಾಣಿಕೆಯಲ್ಲಿ, ನೆಳಲು ಬೆಳಕಿನ ಆಟದಲ್ಲಿ ಅದು ಗಾಥಿಕ್ ಕಲೆಯನ್ನು ಮೀರಿಸುತ್ತದೆ. ಯುರೋಪಿನ ಮಧ್ಯಯುಗದ ಶಿಲ್ಪಿಗಳು ಬಯಸಿ ಪೂರ್ಣವಾಗಿ ಪಡೆಯಲಾಗದ್ದು ಇಲ್ಲಿ ಸಿದ್ಧಿಸಿದೆ ಎಂಬುದು ಅವನ ಅಭಿಪ್ರಾಯದ ಸಾರ. ವಸಾಹತು ಕಾಲದ ಲೇಖಕನೊಬ್ಬನಿಂದ ಬಂದ ಈ ಪ್ರಶಂಸೆ ಸಾಮಾನ್ಯವಾದುದಲ್ಲ. ಅದರ ಬೆಲೆಯನ್ನು ನಾವು ಕಡಿಮೆ ಮಾಡುವುದಿಲ್ಲ.

ಆದರೂ ಅಳತೆಗೋಲು ಹೊರಗಿನದೆಂಬುದನ್ನು ಮರೆಯುವಂತಿಲ್ಲ. ಗಾಥಿಕ್ ಚರ್ಚಿನ ಸಾಧನೆ ಒಳಗಿನ ಅವಕಾಶವನ್ನು ಎತ್ತರಿಸಿ ಬೆಳಕಿನಿಂದ ತುಂಬಿದ್ದರಲ್ಲಿದೆ. ಹೊಯ್ಸಳ ದೇಗುಲದ ಗರ್ಭಗೃಹ ಕತ್ತಲೆಯದು, ಅಲ್ಲಿ ಬೆಳಕು ದೀಪದ್ದು. ಶಿಲ್ಪಿಯ ಚಾತುರ್ಯ ಹೊರಗೋಡೆಯ ಮೇಲೆ, ಜಗತಿಯನ್ನು ಸುತ್ತುವವನ ಕಣ್ಣಿಗಾಗಿ ಹರಡಿದೆ. ಗಾಥಿಕ್ ಶಿಲ್ಪಿ ಗೋಡೆಯನ್ನು ಕರಗಿಸುತ್ತಾನೆ, ಹೊಯ್ಸಳ ಶಿಲ್ಪಿ ಗೋಡೆಯನ್ನು ಮಡಿಸುತ್ತಾನೆ. ಚೌಕವನ್ನು ತಿರುಗಿಸಿ ಪಡೆಯುವ ನಕ್ಷತ್ರಾಕಾರದ ತಳವಿನ್ಯಾಸ, ಪುಟ್ಟ ಗುಡಿಗಳ ಆಕೃತಿಗಳು ಒಂದರಿಂದೊಂದು ಹೊಮ್ಮಿದಂತೆ ಕಾಣುವ ವಿಮಾನ, ಇವುಗಳ ತರ್ಕವನ್ನು ಗಾಥಿಕ್ಕಿನ ನೆರವಿನಿಂದ ವಿವರಿಸಲಾಗದು. ಎಂ. ಎ. ಢಾಕಿಯವರು 1977ರಲ್ಲಿ ಕರ್ನಾಟಕದ ಶಾಸನಗಳಲ್ಲಿಯೇ ದೊರೆಯುವ ವಾಸ್ತುಪರಿಭಾಷೆಯತ್ತ ಗಮನ ಸೆಳೆದರು. ಆ್ಯಡಂ ಹಾರ್ಡಿ 1995ರ ತಮ್ಮ ಗ್ರಂಥದಲ್ಲಿ ‘ಕರ್ಣಾಟ ದ್ರಾವಿಡ’ ಎಂಬ ಹೆಸರಿನಡಿ ಈ ಬೆಳವಣಿಗೆಯನ್ನು ಅದರ ಒಳಗಿನಿಂದಲೇ ನಿರೂಪಿಸಿದರು.

ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯ ಇರುವುದು ಜನಕಪುರಿಯಲ್ಲಿಯೇ. ಸಂಸ್ಕೃತದ ವಾಸ್ತುಗ್ರಂಥಗಳ ಪರಿಚಯವಿರುವ ಓದುಗರಿಗೆ ನಾಗರ, ದ್ರಾವಿಡ, ವೇಸರ ಎಂಬ ವಿಭಾಗ ಹೊಸದಲ್ಲ. ಈಗಿನ ವಿಜಯನಗರ ಜಿಲ್ಲೆಯ ಹೊಳಲಿನ ಅಮೃತೇಶ್ವರ ದೇವಾಲಯದ ಶಾಸನವೊಂದು ಶಿಲ್ಪಿಯೊಬ್ಬನನ್ನು ಹೊಗಳುವಾಗ ಈ ಮೂರರ ಜೊತೆಗೆ ಕಾಳಿಂಗವನ್ನೂ ಸೇರಿಸಿ ನಾಲ್ಕು ಬಗೆಗಳನ್ನು ಹೇಳುತ್ತದೆ. ಯುರೋಪಿನ ಕಟ್ಟುಗರಿಗೆ ‘ಫ್ರೆಂಚ್ ಕೆಲಸ’ ಎಂಬ ತಮ್ಮ ಕಾಲದ ಹೆಸರಿದ್ದಂತೆ ನಮ್ಮ ಕಟ್ಟುಗರಿಗೂ ತಮ್ಮ ಹೆಸರುಗಳಿದ್ದವು. ಅಲ್ಲಿ ವಸಾರಿಯ ಹೆಸರು ಹಳೆಯದನ್ನು ಮರೆಸಿತು. ಇಲ್ಲಿ ‘ಚಾಲುಕ್ಯ ಶೈಲಿ’, ‘ಹೊಯ್ಸಳ ಶೈಲಿ’ ಎಂಬ ರಾಜವಂಶದ ಹೆಸರುಗಳು ಮುಂದೆ ಬಂದು ಶಿಲ್ಪಿಗಳ ಹೆಸರುಗಳು ಹಿಂದೆ ಸರಿದವು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳ ಬಗ್ಗೆ ಜಗತ್ತಿಗೆ ಬರೆಯುವಾಗ ಹೋಲಿಕೆಯ ಪದಗಳಿಗಿಂತ ಶಾಸನದ ಪದಗಳು ಹೆಚ್ಚು ಕೆಲಸಕ್ಕೆ ಬರುತ್ತವೆ.

5. ಅಕ್ಷರಗಳ ಗಾಥಿಕ್

ಲಿಪಿಗೆ ಸಂಬಂಧಿಸಿದಂತೆ ‘ಗಾಥಿಕ್’ ಮೂರು ಬೇರೆ ವಸ್ತುಗಳನ್ನು ಸೂಚಿಸುತ್ತದೆ. ಮೊದಲನೆಯದು ವುಲ್ಫಿಲನ ಲಿಪಿ. ಎರಡನೆಯದು ಮಧ್ಯಯುಗದ ಕೊನೆಯಲ್ಲಿ ಉತ್ತರ ಯುರೋಪಿನಲ್ಲಿ ಬೆಳೆದ, ದಪ್ಪಗೆರೆಯ, ಮುರಿದ ಮೂಲೆಗಳ ಲ್ಯಾಟಿನ್ ಬರಹ. ಗುಟೆನ್‌ಬರ್ಗ್ ತನ್ನ ಬೈಬಲ್ಲಿಗೆ ಎರಕ ಹೊಯ್ದ ಅಚ್ಚುಮೊಳೆಗಳು ಈ ಬಗೆಯವು. ಮೂರನೆಯದು ಅಮೆರಿಕದಲ್ಲೂ ಜಪಾನಿನಲ್ಲೂ ಬಳಕೆಯಲ್ಲಿರುವ ಅರ್ಥ: ಯಾವ ಕೊಕ್ಕೆಯೂ ಅಲಂಕಾರವೂ ಇಲ್ಲದ ಸರಳ ಅಚ್ಚಕ್ಷರ. ಅತ್ಯಂತ ಜಟಿಲವಾದುದಕ್ಕೂ ಅತ್ಯಂತ ಸರಳವಾದುದಕ್ಕೂ ಒಂದೇ ಹೆಸರು!

ಇದು ಕನ್ನಡಕ್ಕೆ ಸಂಬಂಧಿಸುವುದು ಬಾಸೆಲ್ ಮಿಷನ್ನಿನ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯ ಕೆಲಸಗಾರರಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಮೊದಲಾದವರಿದ್ದರು. ಅವರ ಕಾಲದ ಜರ್ಮನ್ ಪುಸ್ತಕಗಳು ಹೆಚ್ಚಾಗಿ ಮುರಿದ ಅಕ್ಷರಗಳಲ್ಲಿ ಅಚ್ಚಾದವು. ಕೈಬರಹಕ್ಕೆ ‘ಕುರೆಂಟ್’ ಎಂಬ ಬೇರೆಯ ಓಡುಬರಹವಿತ್ತು. ಎರಡನ್ನೂ ಸಡಿಲವಾಗಿ ‘ಗಾಥಿಕ್ ಲಿಪಿ’ ಎನ್ನುವುದುಂಟು. ಜರ್ಮನ್ ಭಾಷೆ ಚೆನ್ನಾಗಿ ಬಂದರೂ ಕುರೆಂಟ್ ಓದಲು ಬಾರದ ಸಂಶೋಧಕರಿಗೆ ಬಾಸೆಲಿನ ಪತ್ರಾಗಾರ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಹಳಗನ್ನಡ ಬಲ್ಲವರೂ ತಾಳೆಗರಿಯ ಬರಹಕ್ಕಾಗಿ ಕಣ್ಣನ್ನು ಪಳಗಿಸಿಕೊಳ್ಳಬೇಕಾದಂತೆಯೇ ಇದು. ಆದ್ದರಿಂದ ಈ ಪತ್ರಗಳ ವಿಷಯದಲ್ಲಿ ‘ಗಾಥಿಕ್’ ಎಂದು ಕಂಡಾಗ ಅದು ಅಚ್ಚೋ ಕೈಬರಹವೋ ಎಂಬುದನ್ನು ಮೊದಲೇ ತಿಳಿದುಕೊಂಡು ಸಿದ್ಧತೆ ಮಾಡಿಕೊಳ್ಳುವುದು ಅವಶ್ಯಕ.

6. ಕಥನದ ಗಾಥಿಕ್ ಮತ್ತು ಭಯಾನಕ ರಸ

ಹೊರೇಸ್ ವಾಲ್ಪೋಲ್ 1764ರಲ್ಲಿ ‘ಒಟ್ರಾಂಟೊ ಕೋಟೆ’ ಎಂಬ ಕಾದಂಬರಿಯನ್ನು ಪ್ರಕಟಿಸಿ, ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದನು. ತನ್ನ ಮನೆಯನ್ನೇ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿಕೊಂಡಿದ್ದ ಲೇಖಕ ಅವನು. ಹೀಗೆ ಕಟ್ಟಡದ ಹೆಸರು ಕಥೆಗೆ ಬಂತು. ಆನ್ ರ‍್ಯಾಡ್‌ಕ್ಲಿಫ್, ಮೇರಿ ಶೆಲ್ಲಿ, ಬ್ರ್ಯಾಮ್ ಸ್ಟೋಕರ್ ಈ ಪರಂಪರೆಯನ್ನು ಬೆಳೆಸಿದರು. 1970ರ ದಶಕದ ಕೊನೆಯಿಂದ ಇಂಗ್ಲೆಂಡಿನ ತರುಣರ ಸಂಗೀತಕ್ಕೂ ಕಪ್ಪು ಉಡುಪಿಗೂ ‘ಗಾಥ್’ ಎಂಬ ಹೆಸರು ಬಂದದ್ದು ಈ ಶಾಖೆಯಿಂದಲೇ.

ಕನ್ನಡದ ಭೀಕರ ಚಿತ್ರಣವನ್ನೆಲ್ಲ ‘ಗಾಥಿಕ್’ ಎಂದು ಇಂಗ್ಲಿಷಿನಲ್ಲಿ ಪರಿಚಯಿಸುವ ಪ್ರವೃತ್ತಿಯನ್ನು ನಾವು ಒಪ್ಪುವುದಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ರಣರಂಗವನ್ನು ದಾಟುವ ಸನ್ನಿವೇಶ, ಜನ್ನನ ‘ಯಶೋಧರ ಚರಿತೆ’ಯ ಚಂಡಮಾರಿಯ ಗುಡಿ, ಎರಡೂ ನಡುಕ ಹುಟ್ಟಿಸುತ್ತವೆ. ಆದರೆ ಅವು ಭಯಾನಕ, ಬೀಭತ್ಸ ರಸಗಳ ಶಾಸ್ತ್ರೀಯ ನೆಲೆಯಲ್ಲಿ ನಿಂತ ಚಿತ್ರಗಳು. ಗಾಥಿಕ್ ಕಥನದ ಬೀಜ ಭಯದಲ್ಲಲ್ಲ, ಬಚ್ಚಿಟ್ಟ ಗತದಲ್ಲಿದೆ: ಹಿರಿಯರ ಪಾಪ, ಮುಚ್ಚಿದ ಕೋಣೆ, ಆಸ್ತಿಯೊಡನೆ ಬಂದ ಶಾಪ. ಒಟ್ರಾಂಟೊದಲ್ಲಿ ಹಿರಿಯರ ಅಪರಾಧಕ್ಕೆ ಸಂತತಿ ದಂಡ ತೆರುತ್ತದೆ. ಜನ್ನನಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟವನು ತಾನೇ ಜನ್ಮಜನ್ಮಾಂತರಗಳಲ್ಲಿ ಅದರ ಫಲವನ್ನು ಉಣ್ಣುತ್ತಾನೆ. ಅಲ್ಲಿ ಗುಟ್ಟಿಲ್ಲ, ಕರ್ಮದ ನಿಯಮವಿದೆ. ಈ ಭೇದವನ್ನು ಅಳಿಸಿದರೆ ಜೈನ ಕಾವ್ಯದ ಅಹಿಂಸಾದರ್ಶನವೇ ಅಳಿಸಿಹೋಗುತ್ತದೆ.

ಗಾಥಿಕ್ ಎಂಬ ಮಾತು ಸಲ್ಲುವ ಕನ್ನಡದ ಉದಾಹರಣೆಗಳನ್ನು ಚಲನಚಿತ್ರದಲ್ಲಿ ಹುಡುಕಬಹುದು. 1993ರ ಮಲಯಾಳಂ ಚಿತ್ರವನ್ನು ಆಧರಿಸಿ 2004ರಲ್ಲಿ ಬಂದ ‘ಆಪ್ತಮಿತ್ರ’ದಲ್ಲಿ ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ಹಿಂದಿನವರು ಮಾಡಿದ ಅನ್ಯಾಯ, ಅದು ಇಂದಿನವರ ಮೇಲೆರಗುವುದು ಎಲ್ಲವೂ ಇವೆ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಎರಡು ಅರ್ಥಗಳು ಒಂದೆಡೆ ಸೇರುತ್ತವೆ: 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ನವಗಾಥಿಕ್ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತ ಬೇಸಿಗೆಗೆ ಏಳುತ್ತ ಪಾಳುಬಿದ್ದಿದೆ. ನೋಡಲು ಬರುವವರಿಗೆ ಅದು ರಮ್ಯ ಭಯದ ತಾಣ. ಅಣೆಕಟ್ಟಿಗಾಗಿ ನೆಲ ಬಿಟ್ಟು ಹೋದ ಕುಟುಂಬಗಳಿಗೆ ಅದು ಕಳೆದುಹೋದ ಊರಿನ ಗುರುತು. ‘ಗಾಥಿಕ್’ ಎಂಬ ಒಂದು ಮಾತು ಎರಡನೆಯದನ್ನು ಮರೆಮಾಡಬಾರದು.

7. ಬಳಕೆಯ ಬಗ್ಗೆ ಸೂಚನೆಗಳು

ಮೇಲಿನ ವಿವೇಚನೆಯ ಆಧಾರದ ಮೇಲೆ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ.

(ಅ) ಜನ ಮತ್ತು ಭಾಷೆಯ ಸಂದರ್ಭದಲ್ಲಿ ‘ಗಾಥರು’, ‘ಗಾಥಿಕ್ ಭಾಷೆ’ ಎಂದು ಬಿಡಿಸಿ ಹೇಳುವುದು.

(ಆ) ಭಾರತದ 19 ಮತ್ತು 20ನೆಯ ಶತಮಾನದ ಕಟ್ಟಡಗಳಿಗೆ ‘ನವಗಾಥಿಕ್’ ಎಂದು ಬಳಸಿ ನಿರ್ಮಾಣದ ವರ್ಷವನ್ನು ಜೊತೆಗೇ ಕೊಡುವುದು.

(ಇ) ಆಕಾರವನ್ನಷ್ಟೇ ಹೇಳಬೇಕಾದಲ್ಲಿ ‘ಚೂಪು ಕಮಾನು’ ಎನ್ನುವುದು. ಬಹಮನಿ, ಆದಿಲಶಾಹಿ ಕಟ್ಟಡಗಳಿಗೆ ‘ಗಾಥಿಕ್’ ವಿಶೇಷಣವನ್ನು ಬಿಡುವುದು.

(ಈ) ಲಿಪಿಯ ವಿಷಯದಲ್ಲಿ ಅಚ್ಚು, ಕೈಬರಹ, ವುಲ್ಫಿಲನ ಲಿಪಿ ಇವುಗಳಲ್ಲಿ ಯಾವುದೆಂದು ನಮೂದಿಸುವುದು.

(ಉ) ಹಳಗನ್ನಡ ಕಾವ್ಯದ ಸಂದರ್ಭದಲ್ಲಿ ರಸದ ಹೆಸರನ್ನೇ ಉಳಿಸಿಕೊಳ್ಳುವುದು.

ಹೊರನಾಡಿನಲ್ಲಿ ಕೆಲಸ ಮಾಡುವವರ ಇಂಗ್ಲಿಷ್, ಹಿಂದಿ ಬರಹಗಳು ಕನ್ನಡ ಓದಲಾರದವರನ್ನು ಮೊದಲು ತಲುಪುತ್ತವೆ. ಅವರು ಕೊಡುವ ಹೆಸರೇ ಅನೇಕರಿಗೆ ಮೊದಲ ಪರಿಚಯ. ವಸಾರಿಯ ಒಂದು ಬೈಗುಳವನ್ನು ನಾಲ್ಕೂವರೆ ಶತಮಾನಗಳಾದರೂ ಯಾರಿಂದಲೂ ಅಳಿಸಲಾಗಲಿಲ್ಲ. ಹೆಸರಿಡುವ ಮೊದಲು ಆ ವಸ್ತುವನ್ನು ಮಾಡಿದವರು ಅದನ್ನು ಏನೆಂದು ಕರೆದರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಆ ಕಾರಣಕ್ಕೇ ಅಗತ್ಯ. ಹೊಯ್ಸಳರ ನಾಡಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವ ಶಾಸನಗಳು ಇನ್ನೂ ಕಲ್ಲಿನಲ್ಲಿ ಉಳಿದಿವೆ.